ಬಾವಿಗೆ ಎರಡು ಕಟ್ಟೆ

ಕಳೆದ ವಾರ ಜೋಗೇಶ್ವರಿಯ ನಮ್ಮ ಹಳೆಯ ಆಫೀಸನ್ನು ಖಾಲಿ ಮಾಡುವಾಗ ಕಬ್ಬಿಣದ ಕಪಾಟಿನ ಹಿಂದೆ ಒಂದು ಕಾಗದದ ಸುರುಳಿ ಸಿಕ್ಕಿತು. ಸುತ್ತಿದ್ದ ರಬ್ಬರ್ ಬ್ಯಾಂಡ್ ಮುಟ್ಟಿದೊಡನೆ ಪುಡಿಯಾಯಿತು. ಬಿಚ್ಚಿದರೆ ಅಮೋನಿಯಾದ ಖಾರ ವಾಸನೆ. ಆಗೆಲ್ಲ ಸೈಟಿಗೆ ಕಳಿಸುವ ನಕಾಶೆಯ ಪ್ರತಿಯನ್ನು ಅಮೋನಿಯಾದ ಹಬೆಯಲ್ಲೇ ತೆಗೆಯುತ್ತಿದ್ದರು. ಹನ್ನೆರಡು ವರ್ಷ ಆ ವಾಸನೆ ಉಳಿಯುವುದುಂಟೇ, ನನ್ನ ಮೂಗೇ ಕಲ್ಪಿಸಿಕೊಂಡಿತೋ ಏನೋ... ಕಾಗದದ ಮೇಲೆ ಎರಡು ಜಾಗದಲ್ಲಿ ಪೆನ್ನಿನಲ್ಲಿ ಬರೆದ ಪುಟ್ಟ ಕೂಡುವ ಗುರುತು, ಅದರ ನಟ್ಟನಡುವೆ ಸೂಜಿಯ ತೂತು. ಹೆಸರು ಬರೆದಿರಬೇಕಾಗಿರಲಿಲ್ಲ. ಅದು ಕಾಕಾ ಅವರ ಕೈ.

ಕಾಕಾ ನನಗೆ ಸಂಬಂಧಿಯಲ್ಲ. ನಮ್ಮ ಆಫೀಸಿನಲ್ಲಿ ಕಟ್ಟಡದ ನಕಾಶೆ ಬರೆಯುವ ಹಿರಿಯ ಡ್ರಾಫ್ಟ್ಸ್‌ಮನ್. ಉಡುಪಿ ಕಡೆಯವರು, ವಡಾಲದಲ್ಲಿ ಮನೆ. ಆಫೀಸಿನ ಮರಾಠಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನಮ್ಮ ವಿಜಯಪುರದ ಕಡೆಯೂ ಅಪ್ಪನ ತಮ್ಮನಿಗೆ ಕಾಕಾ ಎನ್ನುವುದರಿಂದ ನನ್ನ ಬಾಯಿಗೂ ಅದು ಸಲೀಸಾಗಿ ಬಂತು. ನಲವತ್ತು ವರ್ಷ ಬೋರ್ಡಿನ ಮೇಲೆ ಬಗ್ಗಿ ಗೆರೆ ಎಳೆದವರು, ಕಂಪ್ಯೂಟರ್ ಬಂದ ಮೇಲೆ ಮೌಸ್ ಮಾತ್ರ ಮುಟ್ಟಲಿಲ್ಲ. ನಮ್ಮ ಪ್ರಿಂಟುಗಳನ್ನು ನೋಡಿ ತಪ್ಪು ಹಿಡಿಯುವುದು ಅವರ ಕೆಲಸವಾಗಿತ್ತು. ಹಿಂದಿನಿಂದ ನಾವು ನಗುತ್ತಿದ್ದೆವು. ಅದರಲ್ಲೂ ನನಗೆ ಸೊಕ್ಕು ಜಾಸ್ತಿ. ಅಪ್ಪ ಸೈಟುಗಳಲ್ಲಿ ಕಾಂಕ್ರೀಟಿಗೆ ಕಬ್ಬಿಣದ ಸರಳು ಕಟ್ಟುವವನು, ಯಾರೋ ಬರೆದ ನಕಾಶೆ ನೋಡಿ ಕಟ್ಟುತ್ತಿದ್ದ. ನಾನು ಆ ನಕಾಶೆಯನ್ನೇ ಬರೆಯುವವಳು. ಇಡೀ ಆಫೀಸಿನಲ್ಲಿ ನನ್ನಷ್ಟು ಬೇಗ ಕೈ ಓಡಿಸುವವರು ಯಾರೂ ಇರಲಿಲ್ಲ.

ಮುಲುಂಡಿನಲ್ಲಿ ಒಂದು ಹಳೆಯ ಹೌಸಿಂಗ್ ಸೊಸೈಟಿಯ ಕಟ್ಟಡವನ್ನು ಕೆಡವಿ ಹೊಸ ಬಿಲ್ಡಿಂಗ್ ಎಬ್ಬಿಸುವ ಕೆಲಸ ಬಂದಿತ್ತು. ಗೋಡೆ, ಬಾಗಿಲು, ಕಾಂಪೌಂಡು ಎಲ್ಲ ಇರುವ ಪ್ಲಾನನ್ನು ಆರ್ಕಿಟೆಕ್ಟ್ ಕಳಿಸುತ್ತಾರೆ. ಕಂಪ್ಯೂಟರಿನಲ್ಲಿ ಅದನ್ನು ನಮ್ಮ ಡ್ರಾಯಿಂಗಿನ ಅಡಿಗೆ ಹಾಸಿಕೊಂಡು, ಮೇಲೆ ನಾವು ಕಂಬಗಳನ್ನು ಇಡುತ್ತೇವೆ. ಹೀಗೆ ಅಡಿಗೆ ಹಾಸುವ ಬೇರೆಯವರ ಡ್ರಾಯಿಂಗಿಗೆ ರೆಫರೆನ್ಸ್ ಎಂದು ಹೆಸರು. ಒಂದು ದಿನ ತಿದ್ದಿದ ಹೊಸ ಪ್ಲಾನ್ ಬಂತು. ಹಾಸಿ ನೋಡಿದರೆ ನಮ್ಮ ಕಂಬಗಳು ಗೋಡೆಯಿಂದ ಆಚೆ ಇಣುಕುತ್ತಿವೆ. ಸಂಜೆಯೊಳಗೆ ಸೈಟಿಗೆ ಡ್ರಾಯಿಂಗ್ ಹೋಗಬೇಕು, ಕಾಕಾ ಯಾವುದೋ ಮದುವೆಗೆಂದು ರಜೆಯಲ್ಲಿದ್ದರು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಅಡಿಗೆ ಹಾಸಿದ ಪ್ಲಾನನ್ನು ಹಿಡಿದು, ಇಷ್ಟು ಜರುಗಿಸಿ, ಇಷ್ಟು ತಿರುಗಿಸಿ, ಕಂಬಗಳು ಗೋಡೆಯೊಳಗೆ ಕೂರುವ ತನಕ ಕಣ್ಣಳತೆಯಲ್ಲೇ ಹೊಂದಿಸಿಬಿಟ್ಟೆ. ಎಷ್ಟು ಚೆಂದ ಕೂತಿತೆಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡು ದಿನ ಬಿಟ್ಟು ಕಾಕಾ ಬಂದರು. ಚಹಾ ಕುಡಿಯುತ್ತ ನನ್ನ ಪ್ರಿಂಟನ್ನು ಮೇಜಿನ ಮೇಲೆ ಹರಡಿಕೊಂಡರು. ಸ್ವಲ್ಪ ಹೊತ್ತಿಗೆ ಲೋಟ ಕೆಳಗಿಟ್ಟು ನನ್ನನ್ನು ಕರೆದರು.

"ಈ ಬಾವಿಗೆ ಎರಡು ಕಟ್ಟೆ ಉಂಟಾ ಮಾರಾಯ್ತಿ?"

ಸೊಸೈಟಿಯ ಅಂಗಳದ ಮೂಲೆಯಲ್ಲಿ ಒಂದು ಹಳೆಯ ಬಾವಿಯಿತ್ತು. ಅದು ನಮ್ಮ ಡ್ರಾಯಿಂಗಿನಲ್ಲೂ ಇತ್ತು, ಆರ್ಕಿಟೆಕ್ಟರ ಪ್ಲಾನಿನಲ್ಲೂ ಇತ್ತು. ಎರಡೂ ಸರಿಯಾಗಿ ಕೂತಿದ್ದರೆ ವೃತ್ತದ ಮೇಲೆ ವೃತ್ತ ಬಿದ್ದು ಒಂದೇ ಗೆರೆ ಕಾಣಬೇಕು. ಕಾಕಾ ಬೆರಳಿಟ್ಟಲ್ಲಿ ಗೆರೆ ತುಸು ದಪ್ಪವಿದೆ ಎಂದರು. ನನಗೆ ಏನೂ ಕಾಣಲಿಲ್ಲ. ಮುದುಕನಿಗೆ ಅರಳುಮರಳು ಎಂದುಕೊಂಡೇ ಸ್ಕ್ರೀನಿನಲ್ಲಿ ಬಾವಿಯನ್ನು ದೊಡ್ಡದು ಮಾಡಿದೆ. ಎರಡು ವೃತ್ತಗಳು, ಒಂದಕ್ಕೊಂದು ಸರಿದು ನಿಂತಿದ್ದವು. ಕಾಗದದ ಮೇಲೆ ಕಾಲು ಸಾಸಿವೆಯಷ್ಟೂ ಇಲ್ಲದ ಆ ಅಂತರ ನೆಲದ ಮೇಲೆ ನಾಲ್ಕು ಬೆರಳು. ಅಷ್ಟು ದಪ್ಪ ಕನ್ನಡಕದ ಹಿಂದಿನ ಆ ಕಣ್ಣುಗಳನ್ನು ನಾನು ಮೊದಲ ಬಾರಿಗೆ ಸರಿಯಾಗಿ ನೋಡಿದೆ.

ಎರಡೂ ಡ್ರಾಯಿಂಗುಗಳನ್ನು ಬೇರೆಬೇರೆಯಾಗಿ ಟ್ರೇಸಿಂಗ್ ಪೇಪರಿನ ಮೇಲೆ ತೆಗೆದುಕೊಡಲು ಹೇಳಿದರು. ಅವನ್ನು ಒಂದರ ಮೇಲೊಂದು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಎಡಗೈ ಹೆಬ್ಬೆರಳು ಬಾವಿಯ ಮೇಲೆ, ಬಲಗೈ ಹೆಬ್ಬೆರಳು ಗೇಟಿನ ಕಲ್ಲುಕಂಬದ ಮೇಲೆ. ಆ ಕಲ್ಲುಕಂಬವೂ ಎರಡರಲ್ಲೂ ಇತ್ತು.

"ಒಂದೇ ಮೊಳೆಗೆ ನೇತು ಹಾಕಿದ ಕ್ಯಾಲೆಂಡರ್ ಗಾಳಿಗೆ ತಿರುಗ್ತದೆ. ಎರಡು ಮೊಳೆ ಹೊಡೆದ್ರೆ ಕೂತ್ಕೊಳ್ತದೆ. ಮೊಳೆ ಎಲ್ಲಿ ಹೊಡೀಬೇಕು ಹೇಳು? ನಾವು ಬರೆದದ್ದರ ಮೇಲಲ್ಲ. ನಾವು ಬರೆದದ್ದೆಲ್ಲ ಅಲ್ಲಾಡ್ತದೆ. ಬಾವಿ ಅಲ್ಲಾಡುವುದಿಲ್ಲ."

ಆ ಬೆಳಕಿನಲ್ಲಿ ಎಲ್ಲವೂ ಕಂಡಿತು. ಬಾವಿ ಬಾವಿಯ ಮೇಲೆ, ಗೇಟು ಗೇಟಿನ ಮೇಲೆ ಕೂತಾಗ ಬಿಲ್ಡಿಂಗ್ ಮಾತ್ರ ಇಷ್ಟೇ ಇಷ್ಟು ತಿರುಗಿ ನಿಂತಿತ್ತು. ಕಾಂಪೌಂಡಿನಿಂದ ಬಿಡಬೇಕಾದ ಜಾಗ ಸಾಲದೆಂದು ಆರ್ಕಿಟೆಕ್ಟರು ಅದನ್ನು ಬೇಕೆಂದೇ ತಿರುಗಿಸಿದ್ದರು. ಅದರ ಜೊತೆ ನಮ್ಮ ಕಂಬಗಳನ್ನು ನಾನು ತಿರುಗಿಸಬೇಕಿತ್ತು. ಹಾಗೆ ಮಾಡದೆ, ಕಂಬಗಳನ್ನು ಇದ್ದಲ್ಲೇ ಬಿಟ್ಟು, ಅವುಗಳ ಅಡಿಯ ನೆಲವನ್ನೇ ತಿರುಗಿಸಿ ಕೊಟ್ಟಿದ್ದೆ.

ಸೈಟಿಗೆ ಫೋನ್ ಹಚ್ಚಿದೆವು. ನನ್ನ ಡ್ರಾಯಿಂಗ್ ನೋಡಿ ಗುಂಡಿ ತೋಡಿ ಆಗಿತ್ತು. ಕಾಂಪೌಂಡಿನ ಕಡೆಯ ಸಾಲಿಗೆ ಸರಳು ಕಟ್ಟಿಯೂ ಆಗಿತ್ತು. ಮರುದಿನ ಬೆಳಿಗ್ಗೆ ಕಾಂಕ್ರೀಟ್. ಅದು ಬಿದ್ದು ಗಟ್ಟಿಯಾದರೆ ಮುನಿಸಿಪಾಲಿಟಿಯವರು ಪಾಸು ಮಾಡುವುದಿಲ್ಲ, ಎಲ್ಲ ಒಡೆಯಬೇಕು. ಕಾಕಾ ಬೈಯಲಿಲ್ಲ. ಕುರ್ಚಿಯ ಹಿಂದೆ ನಿಂತು, ಮೊದಲು ಆರ್ಕಿಟೆಕ್ಟರ ಪ್ಲಾನನ್ನು ಅದು ಬಂದ ಜಾಗಕ್ಕೇ ವಾಪಸ್ ಇಡು ಎಂದರು. ಇಟ್ಟೆ. ಬಾವಿಯೂ ಗೇಟೂ ತಾವಾಗಿಯೇ ಸರಿಹೋದವು. ಆ ಎರಡರ ಮೇಲೂ ಒಂದೊಂದು ಕೂಡುವ ಗುರುತು ಹಾಕಿಸಿದರು. ಆಮೇಲೆ ಕಂಬಗಳನ್ನೆಲ್ಲ ಒಟ್ಟಿಗೆ ಹಿಡಿದು ಗೋಡೆಗಳ ಜೊತೆ ತಿರುಗಿಸಿದೆ. ಅರ್ಧ ಗಂಟೆಯ ಕೆಲಸ, ಅಷ್ಟೇ. ಹೊಸ ಪ್ರಿಂಟಿನಲ್ಲಿ ಕಾಕಾ ಆ ಗುರುತುಗಳನ್ನು ಪೆನ್ನಿನಲ್ಲಿ ಮತ್ತೆ ಬರೆದು ನಡುವೆ ಸೂಜಿ ಚುಚ್ಚಿದರು. ಅದನ್ನು ಸುತ್ತಿಕೊಂಡು ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ ಇಬ್ಬರೂ ಮುಲುಂಡಿಗೆ ಹೋದೆವು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಮದುವೆಯ ಊಟದ ಬಗ್ಗೆ.

ಸೈಟಿನಲ್ಲಿ ಸರಳು ಕಟ್ಟುವವರೆಲ್ಲ ನಮ್ಮ ಕಡೆಯವರೇ. ಮೇಸ್ತ್ರಿ ನನ್ನ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದುಕೊಂಡ.

"ನಕ್ಷಾದಾಗ ಹೆಂಗೈತೋ ಹಂಗ ಕಟ್ಟೀವಿ ನೋಡವ್ವಾ," ಎಂದ.

ಹೌದು, ನಕ್ಷೆಯಲ್ಲಿದ್ದ ಹಾಗೆಯೇ ಕಟ್ಟಿದ್ದರು. ಅಪ್ಪನೂ ಇಡೀ ಆಯುಷ್ಯ ಹಾಗೇ ಕಟ್ಟಿದವನು. ನಾನು ತಲೆ ಎತ್ತಲಿಲ್ಲ. ಕಾಕಾ ಕಂಬಗಳ ಕಡೆ ನೋಡಲೇ ಇಲ್ಲ, ನೆಟ್ಟಗೆ ಬಾವಿಯ ಹತ್ತಿರ ಹೋದರು. ಬಾವಿಯಿಂದಲೂ ಗೇಟಿನ ಕಲ್ಲಿನಿಂದಲೂ ಟೇಪು ಹಿಡಿಸಿ ಅಳೆದು, ಕಂಬದ ಸಾಲಿನ ಹೊಸ ಗೆರೆಗೆ ದಾರ ಕಟ್ಟಿಸಿದರು. ಆಮೇಲೆ ಚಪ್ಪಲಿ ಬಿಟ್ಟು ಕೊನೆಯ ಗುಂಡಿಗೆ ಇಳಿದು, ಸರಳಿಗೂ ದಾರಕ್ಕೂ ನಡುವೆ ತಮ್ಮ ನಾಲ್ಕು ಬೆರಳು ಇಟ್ಟರು. ಅಳೆದು ಮಾಡಿದಂತೆ ಕೂತವು. ಮೇಸ್ತ್ರಿ ಎರಡೂ ಕೈ ಎತ್ತಿ ಮುಗಿದ. ನಾನು ಎಷ್ಟೋ ದೇವಸ್ಥಾನಗಳಲ್ಲಿ ಕೈ ಮುಗಿದಿದ್ದೇನೆ, ಅವತ್ತಿನಷ್ಟು ಮನಸಾರೆ ಎಲ್ಲೂ ಮುಗಿದಿಲ್ಲ. ಕತ್ತಲಾಗುವುದರೊಳಗೆ ಎಂಟೆಂಟು ಜನ ಹಿಡಿದು ಕಟ್ಟಿದ ಸರಳುಗಳನ್ನು ಎತ್ತಿ ಸರಿಸಿದರು. ಮರುದಿನ ಕಾಂಕ್ರೀಟ್ ಬೀಳಬೇಕಾದಲ್ಲೇ ಬಿತ್ತು.

ವಿಷಯ ಸಾಹೇಬರ ಕಿವಿಗೂ ಹೋಯಿತು. ಆಫೀಸಿನ ಯಜಮಾನರು ಅವರು, ಮರಾಠಿಯವರು. ಇಬ್ಬರನ್ನೂ ಕರೆಸಿ ಏನಾಯಿತೆಂದು ಕೇಳಿದರು. ನನಗೆ ಆ ನೌಕರಿ ಹೋದರೆ ಅಪ್ಪನ ಮುಂದೆ ನಿಲ್ಲುವುದು ಹೇಗೆಂಬ ಒಂದೇ ಯೋಚನೆ. ಕಾಕಾ ಹಿಂದಿಯಲ್ಲಿ ಎರಡು ಮಾತು ಹೇಳಿದರು. ಪಾಯಿಂಟ್ ತಪ್ಪಿತ್ತು ಸಾಹೇಬ್, ಸರಿ ಮಾಡಿದೆ. ಸಾಹೇಬರು ತಲೆಯಾಡಿಸಿದರು. ಎಷ್ಟು ಜಾಣ ಮಾತು, ಸುಳ್ಳೂ ಅಲ್ಲ, ಚಾಡಿಯೂ ಅಲ್ಲ ಎಂದು ನಾನು ಒಳಗೊಳಗೇ ಮೆಚ್ಚಿಕೊಂಡೆ. ಬಾಯಿ ಮಾತ್ರ ತೆರೆಯಲಿಲ್ಲ. ಬದುಕಿದೆಯಾ ಬಡಜೀವವೇ ಎಂದು ಹೊರಗೆ ಬಂದೆ.

ಎರಡು ತಿಂಗಳಿಗೆ ಕಾಕಾ ಕೆಲಸ ಬಿಟ್ಟರು. ವಯಸ್ಸಾಯಿತಲ್ಲ, ಸಾಕು ಎಂದರು. ಸಮೋಸ, ಒಂದು ಶಾಲು, ಒಂದು ಗಡಿಯಾರ... ಬೀಳ್ಕೊಡುಗೆ ಮುಗಿಯಿತು. ವಡಾಲಕ್ಕೆ ಬರುತ್ತೇನೆ ಎಂದಿದ್ದೆ, ಹೋಗಲಿಲ್ಲ. ಅಲ್ಲಿಗೆ ಹೋಗುವ ಹಾರ್ಬರ್ ಲೈನಿನ ರೈಲು ನನ್ನ ದಾರಿಯಲ್ಲಿ ಬರುವುದಿಲ್ಲ ಎಂದು ನೆಪ ಹೇಳಿಕೊಂಡೆ. ಅವರು ತೀರಿಕೊಂಡದ್ದು ತಿಂಗಳಾದ ಮೇಲೆ ತಿಳಿಯಿತು. ಅಷ್ಟರಲ್ಲಿ ಅವರ ಕುರ್ಚಿ, ಅವರ ಕೆಲಸ ಎರಡೂ ನನಗೇ ಬಂದಿದ್ದವು.

ಕಳೆದ ವಾರ ಆ ಸುರುಳಿ ಬಿಚ್ಚಿಕೊಂಡು ನಿಂತಿದ್ದಾಗ ಸಾಹೇಬರು ಬಂದರು. ಈಗ ಅವರಿಗೂ ಕೋಲು ಬೇಕು. ಬಗ್ಗಿ ನೋಡಿ, ಮುಲುಂಡಿನದಲ್ಲವಾ ಎಂದರು. ಪಾಪ, ನಲವತ್ತು ವರ್ಷದಲ್ಲಿ ಆ ಮನುಷ್ಯ ಮಾಡಿದ ಒಂದೇ ಒಂದು ತಪ್ಪು ಅದು ಎಂದರು. ನನಗೆ ತಿಳಿಯಲಿಲ್ಲ. ಅವರು ಮೆಲ್ಲಗೆ ಹೇಳುತ್ತಲೇ ಹೋದರು. ಅದಾದ ಮೇಲೆ ಸಾಹೇಬರೇ ಕಾಕಾರನ್ನು ಒಳಗೆ ಕರೆದು, ನಿಮ್ಮ ಕಣ್ಣು ಮೊದಲಿನಂತಿಲ್ಲ, ಇನ್ನು ಮನೆಯಲ್ಲಿ ಆರಾಮಾಗಿರಿ ಎಂದಿದ್ದರಂತೆ. ಕಾಕಾ ನಕ್ಕು, ಸರಿ ಸಾಹೇಬ್ ಎಂದರಂತೆ.

ಆ ಕಣ್ಣುಗಳಿಗೆ ಹಾಗೆ ಹೇಳಿದ್ದರು.

"ಸಾಹೇಬ್, ಆ ತಪ್ಪು ನಂದು," ಎಂದೆ.

ನಾನು ಕಾಗದವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಅವರಿಗೆ ಬಾವಿಯನ್ನು ತೋರಿಸಿದೆ. ಒಂದೇ ಕಟ್ಟೆ ಇತ್ತು. ನಡುವಿನ ಸೂಜಿತೂತಿನಿಂದ ಚೂರು ಬೆಳಕು ಬರುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಆ ಕೋಣೆಯಲ್ಲಿ ಆಡಬೇಕಿದ್ದ ಮೂರು ಮಾತನ್ನು ಈಗ ಆಡಿದ್ದೆ, ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.