ಅಪ್ಪ ಕಾರು ರಿಪೇರಿ ಮಾಡಿದ್ದು

ನಮ್ಮ ಕಡೆಯ ಊರುಗಳು ಇನ್ನೂ ಮುಂಬೈ ಸರಕಾರದ ಕೈಯಲ್ಲಿದ್ದ ಕೊನೆಯ ವರ್ಷ ಅದು. ಆಗ ಅಸುಂಡಿಯಲ್ಲಿ ಪೆಟ್ರೋಲಿನ ವಾಸನೆ ಬರುತ್ತಿದ್ದದ್ದು ನಮ್ಮ ಅಂಗಳದಿಂದ ಮಾತ್ರ. ಬೇರೆಯವರ ಅಂಗಳದಲ್ಲಿ ಸಗಣಿ, ಹೊಟ್ಟು, ಆಗಷ್ಟೇ ಕಿತ್ತು ತಂದ ಶೇಂಗಾದ ಹಸಿ ಮಣ್ಣಿನ ವಾಸನೆ ಇದ್ದರೆ, ನಮ್ಮಲ್ಲಿ ಅದೆಲ್ಲದರ ಮೇಲೆ ಪೆಟ್ರೋಲು ಕೂತಿರುತ್ತಿತ್ತು. ರೊಟ್ಟಿಗೂ ಅದೇ ವಾಸನೆ ಎಂದು ಅವ್ವ ಗೊಣಗುತ್ತಿದ್ದಳು. ನನಗೆ ಒಂಬತ್ತು ವರ್ಷ. ಗೆಳತಿಯರೊಂದಿಗೆ ಆಣಿಕಲ್ಲು ಆಡುವುದನ್ನು ಬಿಟ್ಟು ನಾನು ಆ ಕಾರಿನ ಸುತ್ತಲೇ ಇರುತ್ತಿದ್ದೆ.

ಕಾರು ಬಂದದ್ದು ಶಿರಹಟ್ಟಿಯಿಂದ. ಸಂಸ್ಥಾನ ಮುಗಿದ ಮೇಲೆ ಅಲ್ಲಿಯ ಅಧಿಕಾರಿಯೊಬ್ಬರು ಊರು ಬಿಡುವಾಗ ತಮ್ಮ ಹಳೆಯ ಗಾಡಿಯನ್ನು ಅಪ್ಪನಿಗೆ ಕೊಟ್ಟುಹೋಗಿದ್ದರು. ಅಪ್ಪ ಮತ್ತು ಅವನ ತಮ್ಮ ಈರಪ್ಪ ಕಾಕಾ ಕೂಡಿ ಅದನ್ನು ತಂದರು. ಅಜ್ಜ ತೀರಿಕೊಂಡಾಗ ಕಾಕಾ ಇನ್ನೂ ಸಣ್ಣವನು. ಅವನನ್ನು ಬೆಳೆಸಿದ್ದೇ ಅಪ್ಪ. ಮದುವೆಯಾದ ಮೇಲೂ ಅಣ್ಣತಮ್ಮ ಇಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು. ಕಾಕಾನ ಹೆಂಡತಿ ಆ ವರ್ಷ ಚೊಚ್ಚಲ ಬಾಣಂತನಕ್ಕೆಂದು ತವರುಮನೆ ಹಮ್ಮಿಗಿಗೆ ಹೋಗಿದ್ದಳು.

ದಸರೆ ಮುಗಿದ ಮೇಲೆ ಕಾರು ಕೆಮ್ಮತೊಡಗಿತು. ಹ್ಯಾಂಡಲ್ ತಿರುವಿದರೆ ಎರಡು ಸಲ ಗುಡುಗಿ, ಎಂಜಿನ್ನಿನ ಬಾಯಿಂದ ಒಂದು ಮೊಳ ಬೆಂಕಿ ಉಗುಳಿ ನಿಂತುಬಿಡುತ್ತಿತ್ತು. ಗದಗಿನಿಂದ ಖಾದರಸಾಬ ಮಿಸ್ತ್ರಿ ಬಂದು, ಕಿವಿಗೊಟ್ಟು ಕೇಳಿ, ಬೀಡುಕಬ್ಬಿಣದ ಒಂದು ಕೊಳವೆಯನ್ನು ಬೆರಳಿನಿಂದ ತೋರಿಸಿದ. ಪೆಟ್ರೋಲನ್ನೂ ಗಾಳಿಯನ್ನೂ ಎಂಜಿನ್ನಿಗೆ ಉಣಿಸುವ ಕೊಳವೆ ಅದು.

"ಗೌಡ್ರ, ಎಂಜಿನ್ನಿಗೇನೂ ಆಗಿಲ್ಲ. ಈ ಕೊಳವಿ ಸಂದ್ಯಾಗಿಂದ ಕಳ್ಳಗಾಳಿ ಎಳೀತೈತಿ. ಬಿಚ್ಚಿ ನನ್ನ ದುಕಾನಕ್ಕ ಕಳಸ್ರಿ. ಅದರ ಮಾರಿ ಸವರಿ ಸಪಾಟ ಮಾಡಿ, ಹೊಸಾ ಪ್ಯಾಕಿಂಗ ಹಾಕಿ ಕೊಡತೀನಿ."

"ಬಾವಿ ಮ್ಯಾಲಿನ ಎಂಜಿನ್ನ ಬಿಚ್ಚಿ ಕೂಡ್ಸಿದಾವ ನಾನು. ಒಂದು ಕೊಳವಿ ಕೂಡ್ಸಾಕ ಬರೂದಿಲ್ಲೇನು?" ಅಂದ ಅಪ್ಪ.

ಖಾದರಸಾಬ ನಕ್ಕ. "ಬಾವಿ ಎಂಜಿನ್ನ ಎತ್ತಿನಂಗರಿ. ಇದು ಕುದರಿ."

ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಮಂದಿಯೂ ನಕ್ಕರು. ಅಪ್ಪನ ಕುತ್ತಿಗೆಯ ನರ ಉಬ್ಬಿದ್ದನ್ನು ನಾನು ಕಂಡೆ. ಅವತ್ತೇ ಸಂಜೆ ಅವನು ನಟ್ಟು ಬಿಚ್ಚುವ ಪಾನಾಗಳ ಚೀಲವನ್ನು ಅಂಗಳದಲ್ಲಿ ಸುರುವಿದ.

ಸಂದಿ ಮುಚ್ಚುವ ಮೊದಲನೆಯ ಪ್ಯಾಕಿಂಗಿಗೆ ನನ್ನ ಶಾಲೆಯ ಪುಸ್ತಕದ ರಟ್ಟು ಹೋಯಿತು. ಕತ್ತರಿಸಿ, ಎಣ್ಣೆ ಹಚ್ಚಿ ಕೂಡಿಸಿದ. ಕಾರು ಊರ ಅಗಸಿಬಾಗಿಲ ತನಕ ಹೋಗಿ ಅಲ್ಲಿ ಭಡ್ ಎಂದು ಸಿಡಿಯಿತು. ಬಗ್ಗಿ ನೋಡುತ್ತಿದ್ದ ಅಪ್ಪನ ಹುಬ್ಬು, ಅರ್ಧ ಮೀಸೆ ಸುಟ್ಟವು. ಎರಡನೆಯದು ಹಳೆಯ ಕೆರವಿನ ತೊಗಲು. ಕಾವಿಗೆ ಅದು ಕರಟಿಹೋಯಿತು. ಮೂರನೆಯ ಸಲ ಗೋಡೆಯ ಬಿರುಕಿಗೆ ಹಾಕುವಂತೆ ಸುಣ್ಣ, ಬೆಲ್ಲ ಕಲಸಿ ಮೆತ್ತಿದ. ಎರಡು ದಿನ ಒಣಗಿಸಿದ್ದು ಎರಡು ನಿಮಿಷದಲ್ಲಿ ಪುಡಿಯಾಗಿ ಉದುರಿತು.

ಪ್ರತಿ ಸಲವೂ ಎಂಜಿನ್ನು ಅವನ ಕೈಯ ಚರ್ಮ ಸುಲಿಯುತ್ತಿತ್ತು. ಪಾನಾ ಜಾರಿ ಬೆರಳಿನ ಗೆಣ್ಣುಗಳು ಹರಿದು, ರಕ್ತ ಗ್ರೀಸಿನೊಂದಿಗೆ ಬೆರೆತು ಕಪ್ಪಗೆ ಹೆಪ್ಪುಗಟ್ಟಿರುತ್ತಿತ್ತು. ಒಂದು ದಿನ ಸಿಟ್ಟಿನಲ್ಲಿ ಅವನು ಒಗೆದ ಪಾನಾ, ನೀರು ಹೊತ್ತು ಬರುತ್ತಿದ್ದ ಅವ್ವನ ತಾಮ್ರದ ಕೊಡಕ್ಕೆ ಬಡಿಯಿತು. ಒಂದು ಗೇಣು ಅತ್ತಿತ್ತ ಆಗಿದ್ದರೆ ಅವಳ ಹೊಟ್ಟೆಗೆ. ಅವ್ವ ನಜ್ಜಿದ ಕೊಡವನ್ನು ಕೆಳಗಿಟ್ಟು ನಿಂತಳು.

"ನನ್ನ ಹೊಡೀಬೇಕಂತ ಒಗದ್ರೋ, ಹಂಗ ಒಗದ್ರೋ? ಹೇಳ್ರಿ."

ಅಪ್ಪ ಪಾನಾ ಎತ್ತಿಕೊಂಡು ಮತ್ತೆ ಕಾರಿನತ್ತ ಹೋದ. ಮರುದಿನ, ಕೇಳಿದ ಪಾನಾ ಬಿಟ್ಟು ಬೇರೆ ಕೊಟ್ಟೆನೆಂದು ನನ್ನ ಕೆನ್ನೆಗೆ ಬಿಟ್ಟ. ಬಾಯೊಳಗೆ ಉಪ್ಪುಪ್ಪು ರುಚಿ. ಆದರೂ ನಾನು ಅಲ್ಲಿಂದ ಏಳಲಿಲ್ಲ. ಕೊಳವೆಯ ಹಿಂದಿನ ಕಟ್ಟಕಡೆಯ ನಟ್ಟಿಗೆ ಅಪ್ಪನ ಕೈಯಾಗಲಿ, ಕಾಕಾನ ಕೈಯಾಗಲಿ ಹೋಗುತ್ತಿರಲಿಲ್ಲ. ನನ್ನ ಕೈ ಹೋಗುತ್ತಿತ್ತು. ಅದು ನನಗೆ ದೊಡ್ಡ ಹೆಮ್ಮೆ.

ಕಾಕಾ ಒಮ್ಮೆ ಮೆಲ್ಲಗೆ ಹೇಳಿ ನೋಡಿದ: "ಅಣ್ಣಾ, ಖಾದರಸಾಬಗ ಕೊಟ್ಟ ಬಿಡೂಣು. ಒಂದ ದಿನದ ಕೆಲಸ."

"ಅವನ ಮುಂದ ಹೋಗಿ ನಿಂತು ನಗಸ್ಕೋಬೇಕೇನಲೇ ನಾನು?"

ಅಪ್ಪನ ಹಟಕ್ಕೆ ಇನ್ನೂ ಒಂದು ಕಾರಣವಿತ್ತು. ನವೆಂಬರಿನ ಮೊದಲನೆಯ ದಿನ ಕನ್ನಡ ನಾಡೆಲ್ಲ ಒಂದಾಗುವುದೆಂದು ಸುದ್ದಿಯಾಗಿತ್ತು. ಗದಗಿನಲ್ಲಿ ಮೆರವಣಿಗೆ ಇತ್ತು. ತಾಯಿ ಭುವನೇಶ್ವರಿಯ ಫೋಟೋ ಅಸುಂಡಿ ಗೌಡರ ಕಾರಿನಲ್ಲೇ ಬರುತ್ತದೆಂದು ಅಪ್ಪ ಎಲ್ಲರೆದುರು ಮಾತು ಕೊಟ್ಟಿದ್ದ.

ಇನ್ನು ಎರಡೇ ದಿನ ಉಳಿದಿದ್ದವು. ಮುಂಜಾನೆಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅಪ್ಪ ತಾನೇ ಕೊಳವೆಯ ಮುಖವನ್ನು ಅರದಿಂದ ತಿಕ್ಕಿ ಸಪಾಟು ಮಾಡಿದ್ದ. ಎಲ್ಲಿಂದಲೋ ತಾಮ್ರದ ತಗಡು ತಂದು ಪ್ಯಾಕಿಂಗ್ ಕತ್ತರಿಸಿದ್ದ. ಈ ಸಲ ನಿಜವಾಗಿಯೂ ಚಂದ ಕೂತಿತ್ತು. ಸಂದಿಯಲ್ಲಿ ಕೂದಲೂ ತೂರುವಂತಿರಲಿಲ್ಲ. ಅದರ ನೆತ್ತಿಯ ಮೇಲೆ ಕಾರ್ಬೊರೇಟರ್ ಇನ್ನೂ ಕೂಡಿಸಬೇಕಿತ್ತು, ಹಾಗಾಗಿ ಕೊಳವೆಯ ಮೇಲಿನ ತೂತು ಬಾಯಿ ತೆರೆದುಕೊಂಡಿತ್ತು.

"ಆ ತೂತಿಗೆ ಒಂದು ಅರಿವಿ ತುರುಕು ಅಣ್ಣಾ, ಏನರ ಬಿದ್ದೀತು" ಅಂದ ಕಾಕಾ.

"ನನಗ ಕಲಸಾಕ ಬರಬ್ಯಾಡ."

ನಾನು ಮಡ್‌ಗಾರ್ಡ್ ಮೇಲೆ ಹೊಟ್ಟೆ ಊರಿ, ಕಟ್ಟಕಡೆಯ ನಟ್ಟನ್ನು ಬೆರಳ ತುದಿಯಲ್ಲಿ ಹಿಡಿದು ಕೈ ಚಾಚಿದೆ. ಬೆರಳಿಗೆ ಎಣ್ಣೆಯಾಗಿತ್ತು. ನಟ್ಟು ಜಾರಿತು. ಕೊಳವೆಯ ಮೇಲೆ ಟಣ್ ಎಂದು ಪುಟಿದು, ನೇರವಾಗಿ ಆ ತೂತಿನೊಳಗೆ ಇಳಿಯಿತು. ಒಳಗೆ ಉರುಳುತ್ತ ಹೋದ ಸದ್ದು ಮೂವರಿಗೂ ಕೇಳಿಸಿತು. ಎಲ್ಲವನ್ನೂ ಮತ್ತೆ ಬಿಚ್ಚದೆ ಗತಿಯಿರಲಿಲ್ಲ; ಹಾಗೆಯೇ ತಿರುವಿದ್ದರೆ ಎಂಜಿನ್ನೇ ಒಡೆಯುತ್ತಿತ್ತು.

ಆ ಬದಿಯಲ್ಲಿ ಬಗ್ಗಿದ್ದ ಅಪ್ಪ ನಿಧಾನವಾಗಿ ತಲೆ ಎತ್ತಿದ.

"ಯಾರ ಕೈಯಾಗಿಂದ ಬಿತ್ತದು?"

ಪಕ್ಕದಲ್ಲಿದ್ದ ಕಾಕಾ ನನ್ನ ಹೆಗಲು ಹಿಡಿದು ಹಿಂದೆ ಸರಿಸಿ ಮುಂದೆ ಬಂದ.

"ನನ್ನ ಕೈಯಾಗಿಂದ ಬಿತ್ತಣ್ಣಾ. ಹುಡುಗಿಗೆ ಕೊಡಾಕ ಹೋಗಿದ್ದೆ, ಜಾರಿತು."

ಅಪ್ಪನ ಕೈಯಲ್ಲಿ ಮೊಳಕೈಯುದ್ದದ ಪಾನಾ ಇತ್ತು. ಅವನು ಕಾರನ್ನು ಸುತ್ತಿ ಬಂದು ಒಂದು ಮಾತೂ ಆಡದೆ ಬೀಸಿದ. ಅದು ಕಾಕಾನ ಬಲಗಿವಿಯ ಮೇಲೆ ಬಿತ್ತು. ಹಸಿ ಕಟ್ಟಿಗೆ ಮುರಿದಂತಹ ಸದ್ದು. ಕಾಕಾ ತಡೆಯಲು ಕೈ ಎತ್ತಿದಾಗ ಎರಡನೆಯ ಏಟು ಮುಂಗೈಗೆ. ಅವನು ಕೂಗಲಿಲ್ಲ. ಗಾಲಿಗೆ ಬೆನ್ನು ಕೊಟ್ಟು ಮೆಲ್ಲಗೆ ಕೂತ. ಕಿವಿಯಿಂದ ರಕ್ತ ಕೊರಳಿಗಿಳಿದು ಬಿಳಿ ಅಂಗಿ ಕೆಂಪಾಗುತ್ತ ಹೋಯಿತು. ಅಪ್ಪ ಮೂರನೆಯ ಸಲ ಎತ್ತಿದಾಗ ಅವ್ವ ಓಡಿ ಬಂದು ಮೈದುನನ ಮೇಲೆ ಬೋರಲು ಬಿದ್ದಳು.

"ಹೊಡೀರಿ! ಮೂವರನ್ನೂ ಕೊಂದ ಬಿಡ್ರಿ!"

ಅಪ್ಪ ಪಾನಾ ಬಿಸಾಕಿದ. ಗೋಡೆಗೆ ಆನಿಸಿದ್ದ ಹಾರೆಯನ್ನು ಎತ್ತಿಕೊಂಡು ಕಾರಿಗೆ ತಿರುಗಿದ. ಮೊದಲು ದೀಪಗಳು, ಆಮೇಲೆ ಗಾಜು. ಕೊನೆಗೆ, ಹದಿನೈದು ದಿನ ತಾನು ತಿಕ್ಕಿದ್ದ, ಮೆತ್ತಿದ್ದ, ಕೂಡಿಸಿದ್ದ ಆ ಕೊಳವೆ. ಬೀಡು ಗಡಿಗೆಯಂತೆ ಒಡೆದು ಚೂರು ಅಂಗಳದ ತುಂಬ ಹಾರಿತು. ಊರ ಮಂದಿ ಬಾಗಿಲಲ್ಲಿ ನಿಂತಿದ್ದರು. ಒಬ್ಬರೂ ಒಳಗೆ ಕಾಲಿಡಲಿಲ್ಲ.

ಅವ್ವ ಅವನ ಕಡೆ ತಿರುಗಿಯೂ ನೋಡದೆ ಕಚ್ಚೆ ಕಟ್ಟಿ, ಎತ್ತು ಹೂಡಿ, ಚಕ್ಕಡಿಯನ್ನು ತಾನೇ ಹೊಡೆದಳು. ಬೆಟಗೇರಿಯ ದವಾಖಾನೆಯ ತನಕ ಕಾಕಾನ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಲಂಗ ಬೆಚ್ಚಗೆ ಒದ್ದೆಯಾಗಿತ್ತು. ದಾರಿಯಲ್ಲಿ ಅವನು ಕಣ್ಣು ತೆರೆದ.

"ನೀಲವ್ವಾ, ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ಆತು?"

ನಾನು ತಲೆಯಾಡಿಸಿದೆ.

ನಾಡು ಒಂದಾದ ದಿನ ನಾವು ದವಾಖಾನೆಯಲ್ಲಿದ್ದೆವು. ಹೊರಗೆ ಡೊಳ್ಳು, ಜೈಕಾರ. ತಲೆಗೂ ಕೈಗೂ ಪಟ್ಟಿ ಕಟ್ಟಿಸಿಕೊಂಡಿದ್ದ ಕಾಕಾ ಎದ್ದು ಕೂತು ಅತ್ತ ಇತ್ತ ನೋಡಿದ.

"ಯಾವ ಕಡಿಯಿಂದ ಬರಾಕತ್ತೈತಿ ಸಪ್ಪಳ?"

ಕಿಟಕಿ ಅವನ ಬಲಕ್ಕೇ ಇತ್ತು. ಆ ಕಿವಿ ಮತ್ತೆಂದೂ ಕೇಳಲಿಲ್ಲ.

ಅಪ್ಪ ದವಾಖಾನೆಗೆ ಬರಲಿಲ್ಲ. ಕಾಕಾ ಅಸುಂಡಿಗೆ ಮರಳಲಿಲ್ಲ. ಬೆಟಗೇರಿಯಿಂದಲೇ ನೇರವಾಗಿ ಹಮ್ಮಿಗಿಗೆ, ಹೆಂಡತಿ ಮತ್ತು ಹುಟ್ಟಿದ ಕೂಸಿನ ಹತ್ತಿರ ಹೋದ. ಅಲ್ಲೇ ಹೊಳೆದಂಡೆಯಲ್ಲಿ ಹೊಲ ಮಾಡಿದ, ಎಷ್ಟೋ ವರ್ಷಗಳ ಮೇಲೆ ಅಲ್ಲೇ ತೀರಿಕೊಂಡ. ಅಪ್ಪ ಮಣ್ಣಿಗೂ ಹೋಗಲಿಲ್ಲ.

ಕಾಕಾ ತೀರಿದ ಮರುವರ್ಷ ಅಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ನನಗೂ ಮೊಮ್ಮಕ್ಕಳಾಗಿದ್ದವು, ಇನ್ನು ಹೆದರುವುದೇನು ಎನಿಸಿತು.

"ಯಪ್ಪಾ, ಆ ನಟ್ಟು ಕಾಕಾನ ಕೈಯಾಗಿಂದ ಬಿದ್ದಿರಲಿಲ್ಲ. ನಾ ಕೆಡವಿದ್ದೆ."

"ಗೊತ್ತೈತಿ. ನಾ ನೋಡಿದ್ದೆ."

ಚಮಚೆ ನನ್ನ ಕೈಯಲ್ಲೇ ಉಳಿಯಿತು. "ಮತ್ತ ಅವನ್ನ ಯಾಕ ಹೊಡದಿ?"

ಅಪ್ಪ ಜಂತಿಯ ಕಡೆ ಕಣ್ಣು ಹೊರಳಿಸಿದ.

"ನನ್ನ ಕೈಯಿಂದ ನಿನ್ನ ಉಳಸಬೇಕು ಅಂತ ಅವಗ ಅನಸಿತಲ್ಲ, ಅದಕ್ಕ. ಹೆತ್ತ ಮಗಳನ್ನ ಪಾನಾ ತಗೊಂಡು ಹೊಡಿಯಾವ ಅಂತ ತಿಳಕೊಂಡನಲ್ಲ ನನ್ನ." ಅವನು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಅವ ತಿಳಕೊಂಡದ್ದು ಖರೆ ಇತ್ತು, ನೀಲವ್ವಾ. ಹೊಡೀತಿದ್ದೆ."

ಈಗ ಅಸುಂಡಿಯಿಂದ ಹಮ್ಮಿಗಿ ಒಂದು ತಾಸಿನ ಮೇಲೆ ಸ್ವಲ್ಪ ದಾರಿ. ನನ್ನ ಮಗ ಒಂದೇ ಕೈಯಲ್ಲಿ ಗಾಡಿ ಓಡಿಸುತ್ತ ಕರೆದೊಯ್ಯುತ್ತಾನೆ. ಕಾಕಾನ ಮಕ್ಕಳು ಚಹಾ ಕೊಡುತ್ತಾರೆ, "ಕುಂಡ್ರಿ ಅಕ್ಕಾರ" ಎಂದು ಬಹುವಚನದಲ್ಲಿ ಮಾತಾಡಿಸುತ್ತಾರೆ. ಒಂದೇ ಅಂಗಳದಲ್ಲಿ ಬೆಳೆಯಬೇಕಾಗಿದ್ದ ಆ ತಮ್ಮಂದಿರು ನನ್ನನ್ನು ಒಮ್ಮೆಯಾದರೂ ಏಕವಚನದಲ್ಲಿ ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.