ಬ್ಯಾಟು ಹಿಡಿದು ಓಡಿದವಳು

ಯಾವುದರ ಬಗ್ಗೆಯಾದರೂ ನನ್ನದೊಂದು ಅಭಿಪ್ರಾಯ ಇದ್ದೇ ಇರುತ್ತದೆ. ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ರಾಕ್ ಸಂಗೀತವನ್ನು ಖಾಲಿ ಹೊಟ್ಟೆಯಲ್ಲಿ ಕೇಳಬಾರದು. ಬ್ಲೂಸ್ ಕೇಳುವಾಗ ಬೇರೆ ಕೆಲಸ ಮಾಡಬಾರದು, ಬೇಕಾದರೆ ಕಡಲೆಕಾಯಿ ಸುಲಿಯಬಹುದು. ಸೈಕಲ್ಲಿಗೆ ಗೇರು ಬೇಕಿಲ್ಲ, ಕ್ಯಾರಿಯರ್ ಬೇಕೇ ಬೇಕು. ಕ್ಯಾರಿಯರ್ ಬಿಚ್ಚಿಸಿದವನು ದಾರಿಯಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದವನು, ಅಂಥವನ ಸಹವಾಸ ಬೇಡ. ಇನ್ನು ಕ್ರಿಕೆಟ್ಟಿಗಿಂತ ಬೇಸ್‌ಬಾಲ್ ದೊಡ್ಡ ಆಟ. ಕೊನೆಯ ಮಾತನ್ನು ತೊಂಬತ್ತರ ದಶಕದ ಹಿರಿಯೂರಿನಲ್ಲಿ ಗಟ್ಟಿಯಾಗಿ ಹೇಳಿದವನು ನಾನೊಬ್ಬನೇ ಇರಬೇಕು.

ಇವೆಲ್ಲ ನನಗೆ ಬಂದದ್ದು ಒಂದೇ ಮನೆಯಿಂದ. ಅಪ್ಪ ಹಿರಿಯೂರಿನ ಪಕ್ಕದ ಬಬ್ಬೂರಿನ ಕೃಷಿ ಫಾರಮ್ಮಿನಲ್ಲಿ ಬೀಜದ ಗೋಡೌನು ನೋಡಿಕೊಳ್ಳುತ್ತಿದ್ದರು. ನಾವಿದ್ದ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಅಮೆರಿಕದಲ್ಲಿ ನಾಲ್ಕು ವರ್ಷ ಓದಿ ಬಂದಿದ್ದ ಒಬ್ಬ ವಿಜ್ಞಾನಿ ಇದ್ದರು. ಒಂಟಿ ಮನುಷ್ಯ. ಅವರ ಮನೆಯಲ್ಲಿ ಪಾತ್ರೆಗಳಿಗಿಂತ ಕ್ಯಾಸೆಟ್ಟುಗಳೇ ಜಾಸ್ತಿ. ಭಾನುವಾರ ನಾನು ಹೋಗಿ ಬಾಗಿಲ ಬಳಿ ಕೂತರೆ ಸಾಕು, ಒಂದು ಕ್ಯಾಸೆಟ್ ಹಾಕಿ ತಮ್ಮ ಪಾಡಿಗೆ ಬಟ್ಟೆ ಒಗೆಯಲು ಹೋಗುತ್ತಿದ್ದರು. ವರ್ಗವಾದಾಗ ಹನ್ನೊಂದು ಕ್ಯಾಸೆಟ್, ಒಂದು ಕಟ್ಟು ಆಟದ ಪತ್ರಿಕೆಗಳು ಮತ್ತು ಬೇಸ್‌ಬಾಲಿನ ಬಣ್ಣಗೆಟ್ಟ ಒಂದು ಚರ್ಮದ ಗ್ಲೌಸು ನನಗೆ ಕೊಟ್ಟು ಹೋದರು. ಅಷ್ಟನ್ನೇ ಇಟ್ಟುಕೊಂಡು ನಾನು ಪಂಡಿತನಾದೆ.

ಡಿಗ್ರಿ ಮುಗಿಸಿ ಹಿರಿಯೂರಿನ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡೆ. ಜನ ಹಾಡುಗಳ ಚೀಟಿ ಬರೆದು ತಂದು ಕೊಡುತ್ತಿದ್ದರು, ನಾವು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆವು. ಚೀಟಿಯ ಹಾಡುಗಳು ಮುಗಿದು ಕೊನೆಯಲ್ಲಿ ಮೂರು ನಾಲ್ಕು ನಿಮಿಷ ಟೇಪು ಉಳಿದರೆ ನಾನು ಕೇಳದೆಯೇ ಒಂದು ಬ್ಲೂಸ್ ಹಾಡು ಸೇರಿಸಿಬಿಡುತ್ತಿದ್ದೆ. ದೇವರ ನಾಮದ ಕ್ಯಾಸೆಟ್ ತೆಗೆದುಕೊಂಡು ಹೋದ ಮೇಷ್ಟ್ರೊಬ್ಬರು ವಾಪಸು ಬಂದು, "ಕೊನೆಯಾಗೆ ಯಾರೋ ಗಂಡಸು ಅಳ್ತಾನಲ್ಲಪ್ಪ, ಯಾರವನು?" ಎಂದು ಕೇಳಿದ್ದರು. ಅಳಿಸಿ ಕೊಡಬೇಕಾಯಿತು. ಜನಕ್ಕೆ ಒಳ್ಳೆಯದು ಬೇಕಿಲ್ಲ ಎಂದು ಆವತ್ತೆಲ್ಲ ಗೊಣಗಿದೆ.

ಮನೆಯಲ್ಲೂ ನನ್ನ ಸಂಗೀತಕ್ಕೆ ಅಂಥ ಮರ್ಯಾದೆ ಇರಲಿಲ್ಲ. ರಾಕ್ ಹಾಕಿದರೆ ಅಪ್ಪ, "ಹಿಟ್ಟಿನ ಗಿರಣಿ ಬೆಲ್ಟು ಹರ್ದಂಗೆ ಐತೆ, ಸಣ್ಣಕೆ ಮಾಡು" ಅನ್ನುತ್ತಿದ್ದರು. ಅವ್ವ ಮಾತ್ರ ಬ್ಲೂಸನ್ನು ಕಿವಿಗೊಟ್ಟು ಕೇಳುತ್ತಿದ್ದಳು. ಅದರಲ್ಲಿ ಹಾಡುವವನು ಒಂದು ಸಾಲು ಹೇಳುತ್ತಾನೆ, ಅದನ್ನೇ ಇನ್ನೊಂದು ಸಲ ಹೇಳುತ್ತಾನೆ, ಆಮೇಲೆ ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ. "ಮೊದ್ಲನೇ ಸಲ ಹೇಳಿದ್ನ ಯಾರೂ ಕೇಳ್ಸಿಕಂಡಿಲ್ಲ ಕಣೋ ಪಾಪ, ಅದಕ್ಕೇ ಇನ್ನೊಂದು ಸಲ ಹೇಳ್ತಾನೆ" ಅಂದಿದ್ದಳು ಅವ್ವ. ಹನ್ನೊಂದು ಕ್ಯಾಸೆಟ್ ಕೇಳಿ, ಪತ್ರಿಕೆಯನ್ನೆಲ್ಲ ಓದಿ ನಾನು ಕಟ್ಟಿಕೊಂಡಿದ್ದ ವಿಚಾರಗಳಿಗಿಂತ ಇದು ಚೆನ್ನಾಗಿತ್ತು. ಮುಂದೆ ಇದನ್ನು ನನ್ನದೇ ಮಾತೆಂಬಂತೆ ಎಷ್ಟೋ ಜನಕ್ಕೆ ಹೇಳಿದ್ದೇನೆ.

ನನ್ನ ಅಭಿಪ್ರಾಯಗಳನ್ನು ಎದುರಾಡದೆ ಕೇಳುತ್ತಿದ್ದವಳು ತಂಗಿ. ನನಗಿಂತ ಮೂರು ವರ್ಷ ಚಿಕ್ಕವಳು, ಆಗ ದುರ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕೊನೆಯ ವರ್ಷದ ಬಿ.ಎ. ಓದುತ್ತಿದ್ದಳು. ಸಣ್ಣವಳಿದ್ದಾಗಿಂದ ಕ್ವಾರ್ಟರ್ಸಿನ ಗಂಡುಹುಡುಗರ ಜೊತೆ ಕ್ರಿಕೆಟ್ ಆಡಿದವಳು. ನಾನು ಬಾಲ್ ಹಾಕಿದರೆ ಗೋಡೌನಿನ ತಗಡಿನ ಮೇಲೆ ಬೀಳುವಂತೆ ಹೊಡೆಯುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ: ಬಿ.ಪಿ.ಎಡ್. ಮಾಡಿ ಯಾವುದಾದರೂ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಬೇಕು. ಅಪ್ಪ ಬೇಡ ಅಂದಿರಲಿಲ್ಲ, ಒಂದು ಗಡುವು ಹಾಕಿದ್ದರು. ಆ ವರ್ಷ ಸೀಟು ಸಿಕ್ಕರೆ ಓದಲಿ, ಸಿಗದಿದ್ದರೆ ಗಂಡು ನೋಡುವುದು.

ಸೀಟಿಗೆ ಬೇಕಾಗಿದ್ದದ್ದು ವಿಶ್ವವಿದ್ಯಾಲಯದ ಮಟ್ಟದಲ್ಲಿ ಆಡಿದ ಒಂದು ಸರ್ಟಿಫಿಕೇಟು. ಅವಳ ಕಾಲೇಜಿನ ಪಿ.ಟಿ. ಸರ್ ಒಳ್ಳೆಯ ಉಪಾಯಗಾರರು. ಕಬಡ್ಡಿ, ಖೋಖೋ ಅಂದರೆ ಹತ್ತಾರು ತಂಡಗಳ ಜೊತೆ ಗುದ್ದಾಡಬೇಕು. ಬೇಸ್‌ಬಾಲಿಗೆ ಹುಡುಗಿಯರ ತಂಡ ಕಟ್ಟಿದ್ದ ಕಾಲೇಜು ನಮ್ಮ ಕಡೆ ಇನ್ನೊಂದೇ ಒಂದು. ಅವರೊಬ್ಬರನ್ನು ಸೋಲಿಸಿದರೆ ಸಾಕು, ಹದಿನೈದು ದಿನ ಬಿಟ್ಟು ವಿಶ್ವವಿದ್ಯಾಲಯದ ಪಂದ್ಯ. ಆಟ ಯಾರಿಗೂ ಬರುತ್ತಿರಲಿಲ್ಲ, ಆದರೆ ಎದುರಿನವರಿಗೂ ಬರುತ್ತಿರಲಿಲ್ಲ. ಎರಡೂ ಕಾಲೇಜಿಗೆ ಸೇರಿ ಒಂಬತ್ತೇ ಗ್ಲೌಸು. ಸರದಿ ಬದಲಾದಾಗ ಒಂದು ತಂಡದವರು ಗ್ಲೌಸುಗಳನ್ನು ನಿಂತಲ್ಲೇ ನೆಲದ ಮೇಲೆ ಬಿಟ್ಟು ಬರುತ್ತಿದ್ದರು, ಇನ್ನೊಂದು ತಂಡದವರು ಹೋಗಿ ಎತ್ತಿಕೊಳ್ಳುತ್ತಿದ್ದರು. ಒಂಬತ್ತರಲ್ಲಿ ಒಂದು ನಮ್ಮ ವಿಜ್ಞಾನಿಯದು.

ಎರಡು ತಿಂಗಳು ಶನಿವಾರ ಶನಿವಾರ ತಂಗಿ ಮನೆಗೆ ಬಂದಾಗ ನಾನೇ ಅವಳ ಕೋಚು. ಅವಳದೊಂದು ದೊಡ್ಡ ತೊಂದರೆ ಇತ್ತು. ಬೇಸ್‌ಬಾಲಿನಲ್ಲಿ ಚೆಂಡು ಹೊಡೆದವರು ಬ್ಯಾಟನ್ನು ಅಲ್ಲೇ ಬಿಟ್ಟು, ಮೂಲೆಮೂಲೆಯ ಬೇಸುಗಳನ್ನು ಒಂದೊಂದಾಗಿ ಕಾಲಿನಿಂದ ಮುಟ್ಟುತ್ತಾ ಬರಿಗೈಯಲ್ಲಿ ಓಡುತ್ತಾರೆ, ಸುತ್ತು ಮುಗಿಸಿ ಬಂದರೆ ಒಂದು ರನ್ನು. ಕ್ರಿಕೆಟ್ ಆಡಿ ಬೆಳೆದ ನಮ್ಮವರಿಗೆ ಅದು ಹೇಗೆ ಬರಬೇಕು? ಓಡುವುದೆಂದರೆ ಬ್ಯಾಟು ಹಿಡಿದು ಓಡುವುದು, ಮುಟ್ಟುವುದೆಂದರೆ ಬ್ಯಾಟು ಚಾಚಿ ಗೆರೆ ಮುಟ್ಟುವುದು. ಕೈಯಲ್ಲಿ ಬ್ಯಾಟಿಲ್ಲದೆ ಓಡಿದರೆ ಏನೋ ಮರೆತು ಬಂದಂತೆ ಆಗುತ್ತದೆ ಅನ್ನುತ್ತಿದ್ದಳು. "ಹೊಡಿ, ಬಿಸಾಕು, ಓಡು. ಬ್ಯಾಟ್ ಹಿಡ್ಕಂಡು ಓಡಿದ್ರೆ ಔಟು" ಎಂದು ನಾನು ಬೈಯುತ್ತಿದ್ದೆ. ವಿಜ್ಞಾನಿ ಒಮ್ಮೆ ನನಗೆ ಹೇಳಿದ್ದು ಬ್ಯಾಟು ಬಿಸಾಕಿ ಓಡಬೇಕು ಅಂತ ಮಾತ್ರ. ಔಟು ಅನ್ನುವುದನ್ನು ನಾನೇ ಸೇರಿಸಿಕೊಂಡಿದ್ದೆ. ಸೇರಿಸಿಕೊಂಡೆ ಎನ್ನುವುದೂ ನನಗೆ ಗೊತ್ತಿರಲಿಲ್ಲ.

ಪಂದ್ಯದ ದಿನ ಹಿರಿಯೂರಿನಿಂದ ದುರ್ಗಕ್ಕೆ ಸೈಕಲ್ಲಿನಲ್ಲೇ ಹೋದೆ. ಬಸ್ಸಿನಲ್ಲಿ ಹೋಗಬಹುದಿತ್ತು, ಆದರೆ ಸೈಕಲ್ಲಿನ ಬಗ್ಗೆ ಅಷ್ಟು ಭಾಷಣ ಮಾಡಿದವನಿಗೆ ಬಸ್ಸು ಹತ್ತಲು ನಾಚಿಕೆ. ದುರ್ಗದ ಗಾಳಿ ಎಲ್ಲರಿಗೂ ಗೊತ್ತಿರುವುದೇ, ಎದುರು ಬೀಸಿದರೆ ಇಳಿಜಾರಿನಲ್ಲೂ ತುಳಿಯಬೇಕು. ಮೈದಾನ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗಂಟಿತ್ತು. ಅಲ್ಲಿ ನೋಡಿದರೆ ಎರಡೂ ತಂಡ ಬಂದಿವೆ, ಅಂಪೈರ್ ಬಂದಿಲ್ಲ. ಬರಬೇಕಾದವರಿಗೆ ಹುಷಾರಿಲ್ಲವಂತೆ. ತಂಗಿಯ ಪಿ.ಟಿ. ಸರ್ ನನ್ನ ಹೆಗಲ ಮೇಲೆ ಕೈ ಹಾಕಿ, "ಈ ಹುಡುಗಗೆ ರೂಲ್ಸೆಲ್ಲ ಗೊತ್ತು, ಇವ್ನೇ ನಿಂತ್ಕಳ್ಲಿ" ಅಂದರು. ಎದುರು ಕಾಲೇಜಿನ ಮೇಡಮ್ಮು, "ಇವ್ರ ತಂಗಿ ಆಡ್ತಾಳಂತಲ್ರಿ" ಎಂದು ಅನುಮಾನ ಮಾಡಿದರು.

"ಮೈದಾನದಾಗೆ ತಂಗಿ ಇಲ್ಲ, ಅಣ್ಣ ಇಲ್ಲ ಮೇಡಂ. ನೀವೇ ನೋಡ್ರಿ ಬೇಕಾದ್ರೆ" ಅಂದೆ. ಆ ಮಾತು ನನ್ನ ಕಿವಿಗೇ ಬಹಳ ಚೆನ್ನಾಗಿ ಕೇಳಿಸಿತು.

ಆಟ ಕೊನೆಯ ಸರದಿಗೆ ಬಂದಾಗ ಎರಡೂ ಕಡೆ ಸಮ ಸಮ. ತಂಗಿಯ ತಂಡದಲ್ಲಿ ಇಬ್ಬರು ಔಟಾಗಿದ್ದರು, ಇನ್ನೊಬ್ಬಳು ಔಟಾದರೆ ಸರದಿ ಮುಗಿಯುತ್ತದೆ. ಮೂರನೆಯ ಬೇಸಿನಲ್ಲಿ ಅದೇ ತಂಡದ ಒಬ್ಬ ಹುಡುಗಿ ಸುತ್ತು ಮುಗಿಸಲು ಕಾಯುತ್ತಿದ್ದಳು. ಬ್ಯಾಟು ಹಿಡಿದು ಬಂದವಳು ತಂಗಿ. ಅವಳು ಹೊಡೆದು ಮೊದಲನೆಯ ಬೇಸನ್ನು ಸರಿಯಾಗಿ ಮುಟ್ಟಿದರೆ ಆ ಹುಡುಗಿ ಓಡಿ ಬಂದು ಪಂದ್ಯ ಗೆದ್ದ ಹಾಗೆ. ತಂಗಿ ಹೊಡೆದಳು. ಗೋಡೌನಿನ ತಗಡಿಗೆ ಹೊಡೆಯುತ್ತಿದ್ದಂಥ ಏಟಲ್ಲ, ನೆಲಕ್ಕೆ ಪುಟಿದು ಹುಲ್ಲಿನಲ್ಲಿ ಉರುಳಿ ಹೋಯಿತು. ಆದರೂ ಸಾಕಿತ್ತು. ಎದುರಿನ ಹುಡುಗಿ ಚೆಂಡು ಎತ್ತಿ ಎಸೆಯುವಷ್ಟರಲ್ಲಿ ತಂಗಿ ಬೇಸಿನ ಮೇಲೆ ಕಾಲಿಟ್ಟು ದಾಟಿ ಹೋಗಿದ್ದಳು. ಕೈಯಲ್ಲಿ ಬ್ಯಾಟಿತ್ತು.

ನಾನು ಕೈ ಎತ್ತಿದೆ. ಔಟು.

ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಬ್ಯಾಟು ಹಿಡಿದು ಓಡಿದ್ದಾಳೆ, ನಿಯಮ ಒಪ್ಪುವುದಿಲ್ಲ ಎಂದು ವಿವರಿಸಿದೆ. ನನ್ನ ಜ್ಞಾನವನ್ನು ಹೊಗಳಿದವರು ಪಿ.ಟಿ. ಸರ್ರೇ ಆದ್ದರಿಂದ ಅವರು ಜಗಳವಾಡುವಂತಿರಲಿಲ್ಲ. ಎದುರಿನ ಮೇಡಮ್ಮು ನನ್ನತ್ತ ನೋಡಿದ ನೋಟದಲ್ಲಿ ಗೌರವವಿತ್ತು, ಅದನ್ನು ನಾನು ಗಮನಿಸಿದೆ. ತಂಗಿ ನಿಧಾನಕ್ಕೆ ನಡೆದು ಬಂದು ಬ್ಯಾಟನ್ನು ನನ್ನ ಕಾಲ ಹತ್ತಿರ ಇಟ್ಟು, ಗ್ಲೌಸು ಎತ್ತಿಕೊಳ್ಳಲು ಹೋದಳು. ಸಮವಾಗಿಯೇ ಉಳಿದದ್ದರಿಂದ ಇನ್ನೊಂದು ಸರದಿ ಆಡಿಸಬೇಕಾಯಿತು, ಅದರಲ್ಲಿ ಎದುರಿನವರು ಗೆದ್ದರು.

ಸರ್ಟಿಫಿಕೇಟು ಬರಲಿಲ್ಲ, ಸೀಟೂ ಸಿಗಲಿಲ್ಲ. ನನಗೆ ಬೇಜಾರಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಬೇಜಾರಿನ ಅಡಿಯಲ್ಲಿ ಒಂದು ಹೆಮ್ಮೆ ಇತ್ತು, ಅದೇ ಹೆಚ್ಚಿತ್ತು. ತಂಗಿ ಅಂತಲೂ ನೋಡಲಿಲ್ಲ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಅಪ್ಪನೂ ಗೋಡೌನಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡರಂತೆ. ಬೇರೆ ವಿಷಯಕ್ಕೆ ಅಪ್ಪ ನನ್ನನ್ನು ಹೊಗಳಿದ್ದು ನೆನಪಿಲ್ಲ. ಮುಂದಿನ ಬೇಸಿಗೆಯಲ್ಲಿ ತಂಗಿಯ ಮದುವೆಯಾಯಿತು. ಗಂಡ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದವನು, ಒಳ್ಳೆಯವನು. ಅವಳು ಹೊಲಿಗೆ ಕಲಿತು ಮನೆಯಲ್ಲೇ ಬ್ಲೌಸು, ಸ್ಕೂಲ್ ಯೂನಿಫಾರಂ ಹೊಲಿಯತೊಡಗಿದಳು.

ಕ್ಯಾಸೆಟ್ಟುಗಳ ಕಾಲ ಮುಗಿದು ನಾನು ಹೊಸದುರ್ಗದ ಒಂದು ಪ್ರೆಸ್ಸಿಗೆ ಸೇರಿದೆ. ಲಗ್ನಪತ್ರಿಕೆಗಳ ತಪ್ಪು ತಿದ್ದುವ ಕೆಲಸ. ಬೆಳಗ್ಗೆ ತಿಂಡಿ ತಿನ್ನುತ್ತಿದ್ದ ಮೆಸ್ಸಿನಲ್ಲಿ ಕೇಬಲ್ ಟಿ.ವಿ. ಇತ್ತು. ಮಾಲೀಕನ ಮನಸ್ಸು ಸರಿಯಿದ್ದರೆ ಅಮೆರಿಕದ ಬೇಸ್‌ಬಾಲ್ ಹಾಕಲು ಬಿಡುತ್ತಿದ್ದ. ಒಂದು ಬೆಳಗ್ಗೆ ಅದರಲ್ಲಿ ಒಬ್ಬ ಆಟಗಾರ ಚೆಂಡನ್ನು ಮೆಲ್ಲಗೆ ತಟ್ಟಿ, ಗಾಬರಿಯಲ್ಲಿ ಬ್ಯಾಟು ಬಿಡುವುದನ್ನೇ ಮರೆತು ಮೊದಲನೆಯ ಬೇಸಿನವರೆಗೂ ಹಿಡಿದುಕೊಂಡೇ ಓಡಿದ. ನಾನು ಚಟ್ನಿಯ ಕೈಯನ್ನೇ ಮೇಲೆತ್ತಿ "ಔಟು" ಅಂದೆ. ಅಲ್ಲಿಯ ಅಂಪೈರ್ ಎರಡೂ ಕೈ ಅಗಲಿಸಿ ಔಟಲ್ಲ ಅಂದ. ಜೊತೆಯವರು ಆಟಗಾರನನ್ನು ನೋಡಿ ನಕ್ಕರು, ಅಷ್ಟೆ. ಆಟ ಮುಂದುವರಿಯಿತು.

ಪ್ರೆಸ್ಸಿಗೆ ಹೋಗದೆ ನೆಟ್ ಸೆಂಟರಿಗೆ ಹೋದೆ. ನಿಯಮಗಳ ಪುಸ್ತಕವನ್ನು ಒಂದೊಂದೇ ಪುಟ ಓದಿದೆ. ಲಗ್ನಪತ್ರಿಕೆಯಲ್ಲಿ ಒಂದು ಕೊಂಬು ತಪ್ಪಿದರೂ ಹಿಡಿಯುವ ಕಣ್ಣು ನನ್ನದು. ಬ್ಯಾಟಿನಿಂದ ಯಾರಿಗಾದರೂ ಅಡ್ಡಿ ಮಾಡಿದರೆ ಔಟು ಎಂದಿತ್ತು, ಹಿಡಿದು ಓಡಿದ್ದಕ್ಕೆ ಔಟು ಎಂದು ಎಲ್ಲೂ ಇರಲಿಲ್ಲ. ಮೂರು ಸಲ ಹುಡುಕಿದೆ.

ಭಾನುವಾರ ಸೈಕಲ್ ಹತ್ತಿ ಚಿಕ್ಕಜಾಜೂರಿಗೆ ಹೊರಟೆ. ಬಸ್ಸಿನಲ್ಲಿ ಹೋದರೆ ಬೇಗ ಮುಟ್ಟಿಬಿಡುತ್ತೇನೆ ಎಂಬ ಹೆದರಿಕೆ. ರಾಮಗಿರಿ ಗುಡ್ಡ ಕಾಣುವಲ್ಲಿ ಇಳಿದು ಬಹಳ ಹೊತ್ತು ಕೂತೆ. ಹೇಳದೆ ಇದ್ದರೂ ಆಗುತ್ತದಲ್ಲ ಅನ್ನಿಸಿತು. ಅವಳಿಗೆ ಇಬ್ಬರು ಮಕ್ಕಳಿದ್ದಾರೆ, ಚೆನ್ನಾಗಿದ್ದಾಳೆ, ಈಗ ಹೇಳಿ ಏನು ಮಾಡಬೇಕು? ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಬೇಡದ ವಿಷಯಗಳನ್ನೆಲ್ಲ ಕೇಳದೆ ಹೇಳಿದವನು ಇದೊಂದನ್ನು ಮಾತ್ರ ನುಂಗಿಕೊಳ್ಳಬೇಕೇ ಎಂದು ಮತ್ತೆ ಸೈಕಲ್ ಹತ್ತಿದೆ.

ಮಧ್ಯಾಹ್ನ ಹೋಗಿ ಮುಟ್ಟಿದಾಗ ಅವಳು ಮಿಷನ್ ಮುಂದೆ ಕೂತು ಒಂದು ನೀಲಿ ಲಂಗದ ಅಂಚು ಹೊಲಿಯುತ್ತಿದ್ದಳು. "ಬಾರಣ್ಣ, ಬಿಸ್ಲಾಗೆ ಸೈಕಲ್ ತುಳ್ಕಂಡು ಬಂದೀಯ" ಎಂದು ನೀರು ಕೊಟ್ಟು ಮತ್ತೆ ಕೂತಳು. ನೀರು ಕುಡಿದವನೇ ಹೇಳಿಬಿಟ್ಟೆ. ಬ್ಯಾಟು ಹಿಡಿದು ಓಡಿದರೆ ಔಟಲ್ಲ, ಅವತ್ತು ನಾನು ಕೊಟ್ಟದ್ದು ತಪ್ಪು, ಪುಸ್ತಕ ನೋಡಿದ್ದೇನೆ ಅಂದೆ.

ಮಿಷನ್ ನಿಲ್ಲಲಿಲ್ಲ. "ಗೊತ್ತು ಬಿಡಣ್ಣ" ಅಂದಳು.

"ಯಾವಾಗಿಂದ ಗೊತ್ತು?"

"ಅವಾಗ್ಲೇ. ಅದು ಆಗಿ ಮೂರ್ನಾಲ್ಕು ದಿನಕ್ಕೆ ನಮ್ ಸರ್ರು ಎಲ್ಲಿಂದ್ಲೋ ರೂಲ್ಸ್ ಪುಸ್ತಕ ತರ್ಸಿ ನೋಡಿದ್ರು. ಬಾರಮ್ಮ, ಕಂಪ್ಲೇಂಟ್ ಬರ್ದೀನಿ, ನೀನೊಂದು ಸೈನ್ ಹಾಕು ಅಂದ್ರು."

"ಮತ್ತೆ?"

"ಹಾಕ್ಲಿಲ್ಲ." ದಾರ ಹಲ್ಲಿನಿಂದ ಕಚ್ಚಿ ಬಟ್ಟೆ ತಿರುಗಿಸಿಕೊಂಡಳು. "ಅಂಪೈರಿಗೆ ರೂಲ್ಸ್ ಗೊತ್ತಿಲ್ಲ ಅಂತ ಬರ್ದಿದ್ರಣ್ಣ ಅದ್ರಾಗೆ. ಆ ಶನಿವಾರ ಮನಿಗೆ ಬಂದ್ರೆ ಅಪ್ಪ ನಿನ್ನ ಪಕ್ಕದಾಗೆ ಕುಂದ್ರಿಸ್ಕಂಡು ಊಟ ಮಾಡ್ತಿತ್ತು. ನನ್ ಮಗ ತಂಗಿ ಅಂತ್ಲೂ ನೋಡ್ಲಿಲ್ಲ ಅಂತ ಅವ್ವನ ಹತ್ರ ಹೇಳ್ತಿತ್ತು. ನಿನ್ ಮುಖ ನೋಡಿದೆ. ಹೆಂಗೆ ಹಾಕ್ಲಿ ಸೈನು?"

ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಕಣಮ್ಮ ಅಂದೆ. ಮಿಷನ್ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದೆ ಇನ್ನೊಂದು ಸಲ ಹೇಳಿದೆ. ಅವಳು ಲಂಗವನ್ನು ಕೊಡವಿ ಮಡಚಿ ಪಕ್ಕಕ್ಕಿಟ್ಟಳು. ಕೇಳಬಾರದೆಂದುಕೊಂಡರೂ ಕೇಳಿದೆ.

"ಸೈನ್ ಹಾಕಿದ್ರೆ ಏನಾಗ್ತಿತ್ತು?"

"ಮತ್ತೆ ಆಡಿಸ್ತೀವಿ ಅಂತ ಆ ಮೇಡಮ್ಮೂ ಒಪ್ಕಂಡಿದ್ರು" ಅಂದಳು, ಮುಂದಿನ ಲಂಗ ಎತ್ತಿಕೊಳ್ಳುತ್ತಾ.