ಕಾಡಿಗೆ ಹೊರಟವರನ್ನು ತೂಗುವಾಕೆ

ಬೆಳಿಗ್ಗೆ 5.20ಕ್ಕೆ ಕಚೇರಿಯ ಬೀಗ ತೆಗೆಯುವುದು. 5.25ಕ್ಕೆ ಕಿಟಕಿ. 5.30ಕ್ಕೆ ಬಾಗಿಲ ಪಕ್ಕದ ತೂಕದ ಯಂತ್ರದ ಮೇಲೆ ತಾನೇ ನಿಂತು, ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು. 5.40ಕ್ಕೆ ದಿನದ ಮೊದಲ ಫೋನ್. ಎಂಟು ವರ್ಷಗಳಿಂದ ಈ ಕ್ರಮ ತಪ್ಪಿಲ್ಲ. ಈ ಶುಕ್ರವಾರ ಮಾತ್ರ ಎಲ್ಲವೂ 5.30ರಲ್ಲೇ ನಿಂತಿದೆ. ಯಂತ್ರ 64.2 ಕಿಲೋ ಎನ್ನುತ್ತಿದೆ, ನಿನ್ನೆ 60.9 ಇತ್ತು.

"ಒಂದೇ ರಾತ್ರೀಲಿ ಮೂರು ಕಿಲೋ! ಏನ್ ತಿಂದ್ರಕ್ಕಾ, ನಂಗೂ ಒಂಚೂರು ಎತ್ತಿಡಬಾರ್ದಿತ್ತಾ?" ಎಂದು ನೆಲ ಒರೆಸುತ್ತಿರುವ ಕೆಲಸದಾಕೆ ನಗುತ್ತಾಳೆ. ಎಲ್ಲರೂ ತೂಕದಕ್ಕ ಎಂದು ಕರೆಯುವ ಈಕೆಗೆ ನಗು ಬರುವುದಿಲ್ಲ. ಒರೆಸುವುದಕ್ಕೆಂದು ಸುತ್ತಿ ಗೋಡೆಗೆ ಒರಗಿಸಿರುವ ಹೊಸ ಕಾರ್ಪೆಟ್ಟಿನ ಮೇಲೆ ಆಕೆಯ ಕಣ್ಣು ನೆಟ್ಟಿದೆ.

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಈ ಎರಡು ಕೋಣೆಗಳ ಕಚೇರಿ ಆಫ್ರಿಕಾದ ಅರಣ್ಯಧಾಮಗಳಿಗೆ ಸಫಾರಿ ಏರ್ಪಡಿಸುತ್ತದೆ. ಗೋಡೆಯ ಮೇಲಿನ ಸಿಂಹ, ಚಿರತೆಗಳೆಲ್ಲ ಯಜಮಾನರ ಪಾಲು. ತೂಕದಕ್ಕನ ಪಾಲಿಗೆ ಬಂದಿರುವುದು ಅಂಕಿಗಳು. ಹಳದಿ ಜ್ವರದ ಚುಚ್ಚುಮದ್ದು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಆಗಿರಬೇಕು. ಚೀಲ ಮೆತ್ತನೆಯದಾಗಿರಬೇಕು, ಹದಿನೈದು ಕಿಲೋ ಮೀರಬಾರದು. ಪ್ರಯಾಣದ ಕೊನೆಯ ಹಂತ ಸಣ್ಣ ವಿಮಾನದಲ್ಲಿ. ಅದು ಇಳಿಯುವುದು ಕಾಡಿನ ನಡುವಿನ ಮಣ್ಣಿನ ಓಡುದಾರಿಯಲ್ಲಿ. ಆದ್ದರಿಂದ ಪೈಲಟ್‌ಗೆ ಚೀಲದ ತೂಕ ಮಾತ್ರ ಸಾಲದು, ಜನರ ತೂಕವೂ ಬೇಕು.

"ಫೋನಲ್ಲಿ ಕೇಳಿದ್ರೆ ಗಂಡಸರು ನಾಲ್ಕು ಕಿಲೋ ನುಂಗ್ತಾರೆ, ಹೆಂಗಸರು ಆರು," ಎನ್ನುತ್ತಾರೆ ತೂಕದಕ್ಕ. "ಒಬ್ರಂತೂ ಮದುವೆ ಆದ ವರ್ಷದ ತೂಕ ಹೇಳಿದ್ರು. ಆಗ್ಲೇ ಅವರಿಗೆ ಮೊಮ್ಮಕ್ಕಳಿದ್ರು."

ವಯಸ್ಸು ನಲವತ್ಮೂರು. ಮೊದಲು ಹನ್ನೆರಡು ವರ್ಷ ಪಾರ್ಸೆಲ್ ಗೋದಾಮಿನಲ್ಲಿ ಪೆಟ್ಟಿಗೆ ತೂಗುವ ಕೆಲಸ. ಬೆನ್ನುಮೂಳೆ ಕೈಕೊಟ್ಟಾಗ, ಭಾರ ಎತ್ತಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಈ ಕುರ್ಚಿಗೆ ಬಂದರು. ಮೊದಲ ವರ್ಷ, ಜನ ಬಾಯಲ್ಲಿ ಹೇಳಿದ ತೂಕವನ್ನೇ ಬರೆದು ಕಳುಹಿಸಿದ್ದರು. ಸಣ್ಣ ವಿಮಾನ ಹತ್ತುವ ಮುನ್ನ ತೂಗಿದಾಗ ಲೆಕ್ಕ ಮೀರಿತು. ಹೊಸದಾಗಿ ಮದುವೆಯಾದ ಗಂಡನೊಬ್ಬ ಕೆಳಗಿಳಿಯಬೇಕಾಯಿತು. "ಆ ಹುಡುಗಿ ಒಬ್ಳೇ ಕೂತು ಆನೆ ನೋಡಿದ್ಲು. ವಾಪಸ್ ಬಂದವಳು ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ." ಮರುದಿನವೇ ಮನೆಯ ತೂಕದ ಯಂತ್ರ ಕಚೇರಿಗೆ ಬಂತು. ಅಂದಿನಿಂದ ಇಂದಿನವರೆಗೆ 412 ಮಂದಿ ಅದರ ಮೇಲೆ ನಿಂತಿದ್ದಾರೆ, ಬೂಟು ಸಮೇತ. ನಿಲ್ಲುವ ಮುನ್ನ ಕೈಗಡಿಯಾರ ಬಿಚ್ಚುವವರೂ ಉಂಟು.

ಕಾರ್ಪೆಟ್ ಬಂದು ಎಂಟು ದಿನವಾಗಿದೆ. ಕಚೇರಿ ಚೆನ್ನಾಗಿ ಕಾಣಲೆಂದು ಯಜಮಾನರು ಹಾಕಿಸಿದ್ದು. ಹೆಜ್ಜೆ ಹೂತುಹೋಗುವಷ್ಟು ದಪ್ಪ. ತೂಕದಕ್ಕ ಅದನ್ನು ಬಿಡಿಸಿ, ಯಂತ್ರವನ್ನು ಮೇಲಿಟ್ಟು ನಿಲ್ಲುತ್ತಾರೆ: 60.9. ನೆಲದ ಮೇಲೆ: 64.2. ಕೆಲಸದಾಕೆಯನ್ನೂ ನಿಲ್ಲಿಸುತ್ತಾರೆ: 49.4, 52. ಯಂತ್ರದ ತಳ ಮೆತ್ತೆಗೆ ತಾಗಿ, ಭಾರದ ಒಂದಂಶ ತೂಕ ಅಳೆಯುವ ಅದರ ಕಾಲುಗಳಿಗೆ ಮುಟ್ಟುತ್ತಲೇ ಇಲ್ಲ. ಇಬ್ಬರಲ್ಲೂ ಕೊರತೆ ನೂರಕ್ಕೆ ಐದರಷ್ಟು.

"ವಾರದಿಂದ ಕಮ್ಮಿ ತೋರಿಸ್ತಿತ್ತು. ಮೆಟ್ಟಿಲು ಹತ್ತಿ ಹತ್ತಿ ಇಳಿದಿದ್ದೀನಿ ಅಂತ ಹಿಗ್ಗಿದೆ," ಎಂದು ಹಣೆಗೆ ಕೈಯಿಡುತ್ತಾರೆ. "ಊರೋರ ತೂಕ ನಂಬದೋಳು, ನನ್ನದನ್ನ ನಂಬ್ಕೊಂಡು ಕೂತೆ."

ಆ ವಾರ ಕಾರ್ಪೆಟ್ಟಿನ ಮೇಲೆ ನಿಂತವರು ಒಂದೇ ಕುಟುಂಬದ ಎಂಟು ಮಂದಿ. ಈಗ ಅವರು ಆಫ್ರಿಕಾದ ಹೋಟೆಲಿನಲ್ಲಿದ್ದಾರೆ. ನಮ್ಮ ಗಡಿಯಾರದಲ್ಲಿ ಒಂಬತ್ತಕ್ಕೆ, ಅಲ್ಲಿನ ಆರೂವರೆಗೆ, ಅವರ ಸಣ್ಣ ವಿಮಾನ ಹೊರಡುತ್ತದೆ. ಮಿತಿ 700 ಕಿಲೋ. ಪಟ್ಟಿಯಲ್ಲಿರುವುದು ಜನ 556, ಚೀಲ 120, ಒಟ್ಟು 676. ಚೀಲ ತೂಗಿದ್ದು ನೇತುಹಾಕುವ ತಕ್ಕಡಿಯಲ್ಲಿ, ಅದರಲ್ಲಿ ತಪ್ಪಿಲ್ಲ. ಕೊರತೆ ಸರಿಪಡಿಸಿದರೆ ಜನರ ತೂಕ 585, ಒಟ್ಟು 705. ಮಿತಿ ಮೀರಿದರೆ ಪಟ್ಟಿಯ ಕೊನೆಯವರು ಇಳಿಯಬೇಕು. ಮುಂದಿನ ವಿಮಾನ ಎರಡು ದಿನದ ನಂತರ. ಕಾಡಿನಲ್ಲಿ ಇವರ ವಾಸ ಇರುವುದೇ ಎರಡು ದಿನ.

ಪಟ್ಟಿಯ ಕೊನೆಯಲ್ಲಿರುವವರು ಮನೆಯ ಅಜ್ಜಿ, ಎಪ್ಪತ್ತೆಂಟರ ನಿವೃತ್ತ ಡ್ರಾಯಿಂಗ್ ಟೀಚರ್. ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಜಿರಾಫೆ ಬರೆದವರು, ಒಂದನ್ನೂ ಕಣ್ಣಾರೆ ಕಂಡವರಲ್ಲ. ಏಳು ಜನರ ಯೋಜನೆ ಮುಗಿದ ಮೇಲೆ, "ನಾನೂ ಬರ್ಲಾ?" ಎಂದು ಕೇಳಿ ಸೇರಿಕೊಂಡವರು.

ಮೊದಲ ಫೋನ್ ಯಜಮಾನರಿಗೆ. ನಿದ್ದೆಗಣ್ಣಿನ ದನಿ: "ತಪ್ಪು ನಮ್ದು ಅಂತ ಬಾಯಿ ಬಿಡ್ಬೇಡಮ್ಮಾ. ಅಲ್ಲಿಯೋರು ರೂಲ್ಸ್ ಬದಲಾಯಿಸಿದ್ರು ಅಂದ್ಬಿಡು."

"ಹಾಗಂದ್ರೆ ಮತ್ತೆ ತೂಕ ನೋಡಿಸ್ಕೊಳ್ಳಲ್ಲ ಸಾರ್, ಅಲ್ಲಿ ಹೋಗಿ ಜಗಳ ಆಡ್ತಾರೆ. ತಪ್ಪು ಬರೆದೋಳು ನಾನು, ನಾನೇ ಹೇಳ್ತೀನಿ."

6.10ಕ್ಕೆ ಎರಡನೆಯ ಫೋನ್, ಟೀಚರ್ ಅವರ ಹಿರಿಮಗನಿಗೆ. ಅಲ್ಲಿ ಇನ್ನೂ ನಾಲ್ಕಾಗಿಲ್ಲ. ಹೋಟೆಲಿನ ಸಾಮಾನು ಕೋಣೆಯಲ್ಲಿ ದೊಡ್ಡ ತಕ್ಕಡಿ ಇದೆ, ಎಲ್ಲರೂ ಒಬ್ಬೊಬ್ಬರಾಗಿ ನಿಲ್ಲಬೇಕು ಎನ್ನುತ್ತಾರೆ ತೂಕದಕ್ಕ.

"ನಾವು ಕಾಡು ನೋಡೋಕ್ ಬಂದಿದ್ದೀವಾ, ತೂಕ ನೋಡಿಸ್ಕೊಳ್ಳೋಕಾ?" ಹಿರಿಮಗನ ಸಿಟ್ಟು ಕೋಣೆಗೆಲ್ಲ ಕೇಳಿಸುತ್ತದೆ. "ಆವತ್ತು ನೋಡಿದ್ದೇನು ಮತ್ತೆ?"

"ಆವತ್ತು ನೋಡಿದ್ದು ತಪ್ಪಾಗಿದೆ ಸರ್. ನನ್ನ ತಪ್ಪು. ಬಯ್ಯೋದಿದ್ರೆ ವಾಪಸ್ ಬಂದು ಬಯ್ಯಿ, ಈಗ ತಕ್ಕಡಿ ಹತ್ತಿ."

ಅಲ್ಲಿಂದ ನಲವತ್ತು ನಿಮಿಷ ಸುದ್ದಿಯಿಲ್ಲ. ತೂಕದಕ್ಕ ಅವೇ ಎಂಟು ಅಂಕಿಗಳನ್ನು ಆರು ಸಲ ಕೂಡಿಸುತ್ತಾರೆ. ಕೆಲಸದಾಕೆ ತಂದಿಟ್ಟ ಚಹಾ ಕೆನೆಗಟ್ಟುತ್ತದೆ. 6.50ಕ್ಕೆ ಫೋನ್ ರಿಂಗಾದಾಗ ಆ ಕಡೆ ಇರುವುದು ಟೀಚರ್.

"ಎಲ್ಲಾ ಸೇರಿ 584 ಬಂತಮ್ಮಾ. ಚೀಲ ಕೂಡಿಸಿದ್ರೆ ನಾಲ್ಕು ಹೆಚ್ಚು, ನಾನೇ ಲೆಕ್ಕ ಹಾಕ್ದೆ. ನನ್ನ ಬಿಟ್ರೆ ಸರಿಹೋಗುತ್ತಲ್ವಾ? ಇಲ್ಲಿ ಹೋಟೆಲ್ ಚೆನ್ನಾಗೇ ಇದೆ."

"ಸರಿಹೋಗುತ್ತೆ ಟೀಚರ್. ನಿಮ್ಮ ಮಗನ ಕ್ಯಾಮೆರಾ ಸ್ಟ್ಯಾಂಡು, ಆ ಉದ್ದನೆ ಲೆನ್ಸು ಬಿಟ್ರೂ ಸರಿಹೋಗುತ್ತೆ. ಎರಡೂ ಸೇರಿ ಆರು ಕಿಲೋ, ಚೀಲ ತೂಗಿದೋಳು ನಾನೇ. ಫೋನ್ ಅವರಿಗೆ ಕೊಡಿ."

ಆ ಕಡೆ ಗೊಣಗಾಟ, ಜಿಪ್ ಎಳೆದ ಸದ್ದು. ಯಾರೋ ಹೆಂಗಸು "ಅತ್ತೆಗಿಂತ ಅದು ಹೆಚ್ಚಾಯ್ತಾ ನಿಮಗೆ?" ಎನ್ನುವುದು ಕೇಳಿಸುತ್ತದೆ. ಆಮೇಲೆ ಹಿರಿಮಗ: "ಆಯ್ತು, ಬರ್ಕೊಳ್ಳಿ."

ತೂಕದಕ್ಕ ಹೊಸ ಪಟ್ಟಿ ಬರೆದು ಪೈಲಟ್‌ಗೆ ಕಳುಹಿಸುತ್ತಾರೆ. ಏಳು ಕಳೆಯುತ್ತದೆ, ಎಂಟು ಕಳೆಯುತ್ತದೆ. ಬೇರೆ ಗಿರಾಕಿಗಳ ಒಂಬತ್ತು ಫೋನುಗಳಿಗೆ ಉತ್ತರಿಸುವಾಗಲೂ ಬೆರಳು ಆ ಒಂದು ಹಾಳೆಯ ಮೇಲೇ ಇರುತ್ತದೆ. 9.07ಕ್ಕೆ ವಿಮಾನ ಹೊರಡುವ ಜಾಗದಿಂದ ಸಂದೇಶ ಬರುತ್ತದೆ. ಆಕೆ ಅದನ್ನು ಎರಡು ಸಲ ಓದಿ, ಪುಸ್ತಕ ತೆರೆದು ದಾಖಲಿಸುತ್ತಾರೆ:

ಮಿತಿ 700. ಪಟ್ಟಿಯಲ್ಲಿ 698. ಹತ್ತುವ ಮುನ್ನ ತೂಗಿದ್ದು 697. ಹತ್ತಿದವರು ಎಂಟು.